ಕಾಜಕ್ಕನ ಬಾಯಿಪಾಠ

ಗುಟ್ಟು ಕಾಪಾಡುತ್ತೇವೆ ಎಂದು ಎದೆ ಮುಟ್ಟಿ ಆಣೆ ಮಾಡಿದ ಗಂಡಸರು ಆ ಗುಟ್ಟನ್ನು ಬಾಯಿಪಾಠ ಮಾಡುವುದಕ್ಕೆ ಬಚ್ಚಲುಮನೆಯನ್ನೇ ಆರಿಸಿಕೊಳ್ಳುತ್ತಾರೆ. ನಲ್ಲಿ ತಿರುಗಿಸಿಟ್ಟರೆ ಹೊರಗೆ ಕೇಳಿಸುವುದಿಲ್ಲ ಎಂದು ಅವರ ನಂಬಿಕೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಅಂತ ಹೇಳಬಹುದಿತ್ತು, ಆದರೆ ಬೆಕ್ಕು ಕುಡಿಯುವಾಗ ಭಾಷಣ ಮಾಡುವುದಿಲ್ಲ. ಇವರು ನೀರಿನ ಸದ್ದನ್ನು ಮೀರಿಸಲು ದನಿ ಏರಿಸುತ್ತಾರೆ, ಗೋಡೆಯ ಈಚೆ ಒಲೆಯ ಮುಂದೆ ಇರುವವಳಿಗೆ ಒಂದಕ್ಷರವೂ ತಪ್ಪದೆ ಕೇಳಿಸುತ್ತದೆ.

ಕಾಜಕ್ಕನ ಮನೆಯಲ್ಲೂ ಹಾಗೇ ಆಯಿತು.

ಕಾಜಕ್ಕ ಅಂದರೆ ಹೆತ್ತವರಿಟ್ಟ ಹೆಸರಲ್ಲ. ಆಸುಪಾಸಿನ ದರ್ಜಿ ಅಂಗಡಿಗಳ ಶರ್ಟುಗಳೆಲ್ಲ ಅವಳ ಮನೆಗೆ ಬಂದು, ಗುಂಡಿಯ ತೂತಿಗೆ ಕಾಜಾ ಹೊಲಿಸಿಕೊಂಡು, ಗುಂಡಿ ಹಚ್ಚಿಸಿಕೊಂಡು ಹೋಗುತ್ತಿದ್ದವು. ಕಾಜಾ ಮಷೀನು ಬಂದ ಮೇಲೂ ದರ್ಜಿಗಳು ಅವಳನ್ನು ಬಿಡಲಿಲ್ಲ. ಮಷೀನಿನ ಕಾಜಾ ಎರಡು ಸಲ ಒಗೆದರೆ ಬಾಯಿ ಬಿಡುತ್ತದೆ, ಇವಳದು ಶರ್ಟು ಹರಿದರೂ ಹಾಗೇ ಇರುತ್ತದೆ ಎನ್ನುತ್ತಿದ್ದರು. ಅಡುಗೆಮನೆಯ ಕಿಟಕಿಯ ಕೆಳಗೆ ಅವಳ ಮಣೆ, ಬೆಳಕು ಬೀಳುವುದು ಅಲ್ಲಿಯೇ. ಬೆನ್ನ ಹಿಂದೆ ಬಚ್ಚಲ ಗೋಡೆ. ಕೈಗೂ ಕಣ್ಣಿಗೂ ಕೆಲಸ, ಕಿವಿಗೆ ಮಾತ್ರ ರಜೆ.

ಅವಳ ಗಂಡ ತಕ್ಕಡಿ ರಿಪೇರಿಯವನು. ತಟ್ಟೆ, ಸರಪಣಿ, ಮುಳ್ಳು, ಸವೆದ ತೂಕದ ಬಟ್ಟುಗಳನ್ನು ಮುಂದಿಟ್ಟುಕೊಂಡು ದಿನವಿಡೀ ಕೂತಿರುತ್ತಿದ್ದ. ಅಂಗಡಿಯವರು ಬಂದು, 'ಮುಳ್ಳನ್ನ ಒಂಚೂರು ನಮ್ಮ ಕಡೆ ವಾಲಿಸಿ ಕೊಡಿ' ಎಂದು ಹಲ್ಲು ಕಿರಿದರೆ ತಕ್ಕಡಿಯನ್ನು ಹಾಗೇ ವಾಪಸು ಕೊಡುತ್ತಿದ್ದ. ಇದರಿಂದ ಗಿರಾಕಿ ಕಡಿಮೆ, ಮರ್ಯಾದೆ ಜಾಸ್ತಿ. ಆ ಮರ್ಯಾದೆಯೇ ಅವನನ್ನು ಫ್ರೀಮೇಸನ್ನರ ಲಾಡ್ಜಿಗೆ ಕರೆದುಕೊಂಡು ಹೋಯಿತು. ಔಷಧಿ ಅಂಗಡಿಯವರು ಅವನ ಹೆಸರು ಸೂಚಿಸಿದರಂತೆ, ಮತದ ಪೆಟ್ಟಿಗೆಯೊಳಗೆ ಬೇಡ ಎನ್ನುವ ಕರಿ ಗುಂಡು ಒಂದೂ ಬೀಳಲಿಲ್ಲವಂತೆ.

'ಲಾಡ್ಜಿಗೆ ಹೋಗಿಬರ್ತೀನಿ' ಎಂದು ಅವನು ಮೊದಲ ಸಲ ಹೊರಟಾಗ ಮಾವ ಮನೆಯಲ್ಲಿದ್ದರು. ಹೊಸ ಮದುವೆ, ಸಂಜೆ ಹೊತ್ತು, ಅಳಿಯ ಇಸ್ತ್ರಿ ಮಾಡಿದ ಕರಿ ಕೋಟು ತೊಟ್ಟು ಲಾಡ್ಜಿಗೆ ಹೊರಟಿದ್ದಾನೆ. ಮಾವನ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. ಅದು ರೂಮು ಬಾಡಿಗೆಗೆ ಕೊಡುವ ಲಾಡ್ಜಲ್ಲ, ಕಲ್ಲುಕುಟಿಗರ ಹೆಸರು ಹೇಳಿಕೊಂಡು ಒಳ್ಳೆಯ ನಡತೆ ಕಲಿಯುವ ಗಂಡಸರ ಸಂಘ ಎಂದು ಬಿಡಿಸಿ ಹೇಳಿದ ಮೇಲೂ ಮುದುಕರಿಗೆ ಅರ್ಧ ಅನುಮಾನ ಉಳಿದೇ ಉಳಿಯಿತು.

ಆ ಕಟ್ಟಡ ಬೀದಿಯ ತುದಿಯಲ್ಲಿತ್ತು. ಹೊರಗೆ ಊಟದ ಹಜಾರ, ಒಳಗೆ ಕಿಟಕಿಗಳಿಗೆ ಪರದೆ ಎಳೆದ ಸಭೆಯ ಕೋಣೆ, ನಡುವೆ ದಪ್ಪ ಬಾಗಿಲು. ಸಭೆ ನಡೆಯುವಾಗ ಬಾಗಿಲ ಹೊರಗೆ ಕತ್ತಿ ಹಿಡಿದು ಒಬ್ಬ ಕೂರಬೇಕು. ಆ ಕೆಲಸ ಬಸ್ಸಿನ ಕಂಡಕ್ಟರೊಬ್ಬನದು. ಒಳಗಿನ ಮಾತು ಒಂದೂ ಬರಹದಲ್ಲಿರಬಾರದು ಎಂಬುದು ಆ ಲಾಡ್ಜಿನ ಹಳೆಯ ಹಟ. ಪ್ರಶ್ನೆ, ಉತ್ತರ, ಬುದ್ಧಿಮಾತು, ಬೀಳ್ಕೊಡುಗೆ, ಎಲ್ಲ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ. ಕಲಿತವನು ಮನೆಗೆ ಬಂದು ಒಬ್ಬನೇ ಗಟ್ಟಿ ಮಾಡಿಕೊಳ್ಳಬೇಕು. ಈ ನಿಯಮ ಮಾಡಿದ ಹಿರಿಯರ ಮನೆಗಳು ಬಹುಶಃ ದೊಡ್ಡವಿದ್ದವು.

ಎಲ್ಲಕ್ಕಿಂತ ಉದ್ದದ್ದು ಕಲ್ಲಿನ ಮಾತು. ಲಾಡ್ಜಿಗೆ ವರ್ಷಕ್ಕೊಬ್ಬ ಯಜಮಾನ, ಅವನಿಗೆ ಮಾಸ್ಟರ್ ಎನ್ನುತ್ತಾರೆ. ಆ ಕುರ್ಚಿಗೆ ಏರಿದವನು ಮೊದಲ ಸಂಜೆಯೇ ಹೊಸ ಸದಸ್ಯನನ್ನು ಎದುರು ನಿಲ್ಲಿಸಿಕೊಂಡು ಅದನ್ನು ಹೇಳಬೇಕು. 'ಒರಟು ಕಲ್ಲಾಗಿ ಬಂದಿದ್ದೀಯೆ. ಇಲ್ಲಿ ನಿನ್ನನ್ನು ಯಾರೂ ಕಡಿದು ಕೊಡುವುದಿಲ್ಲ. ಸುತ್ತಿಗೆಯೂ ನಿನ್ನದು, ಉಳಿಯೂ ನಿನ್ನದು. ಪಕ್ಕದ ಕಲ್ಲಿಗೆ ಚುಚ್ಚದ ಹಾಗೆ ನಿನ್ನ ಅಂಚುಗಳನ್ನು ನೀನೇ ತಿದ್ದಿಕೋ...' ಹೀಗೆ ಶುರುವಾಗಿ, ಸಹನೆಯ ಮೇಲೆ ಹೋಗಿ, ಸಾವಿನ ತನಕ ಬಂದು ನಿಲ್ಲುತ್ತದೆ. ಎಂದಾದರೊಂದು ದಿನ ಬೇಕಾದೀತು ಎಂದು ಗಂಡ ಅದನ್ನು ಪ್ರಾಯದಿಂದಲೇ ಉರುಹೊಡೆಯುತ್ತಿದ್ದ. ದಿನವಿಡೀ ಗ್ರಾಂ, ಕಿಲೋ ಬಿಟ್ಟು ಬೇರೆ ಮಾತಾಡದ ಮನುಷ್ಯ ಬಚ್ಚಲಲ್ಲಿ ನಿಂತು ಅಂಥ ಮಾತಾಡುತ್ತಿದ್ದುದು ಕಾಜಕ್ಕನಿಗೆ ಇಷ್ಟವಾಯಿತು. ಮೊದಮೊದಲು ಬರೀ ಇಷ್ಟ. ಆಮೇಲೆ ನೋಡಿದರೆ ಅವನಿಗಿಂತ ಮೊದಲೇ ಅವಳಿಗೆ ಬಾಯಿಪಾಠವಾಗಿತ್ತು.

ಒಂದು ದಿನ ಹೇಳಿಬಿಡಬೇಕೆಂದು ಅವಳಿಗೂ ಅನ್ನಿಸಿತ್ತು, ತಮಾಷೆಗಾದರೂ. ಅಷ್ಟರಲ್ಲಿ ಮರದ ಸಾಮಾನಿನ ಅಂಗಡಿಯವನ ಕಥೆಯಾಯಿತು. ಅವನೂ ಲಾಡ್ಜಿನವನು. ಮಾರುಕಟ್ಟೆಯಲ್ಲಿ ಗಂಡ ಹೆಂಡತಿಗೆ ಯಾವುದೋ ಕಾರಣಕ್ಕೆ ಜಗಳ ಹತ್ತಿಕೊಂಡು, ಸಿಟ್ಟಿನ ಭರದಲ್ಲಿ ಅವಳು, 'ನನಗೇನ್ ಹೇಳ್ತೀರಿ, ಮೊದಲು ನಿಮ್ಮ ಅಂಚುಗಳನ್ನ ನೀವೇ ತಿದ್ಕೊಳ್ಳಿ!' ಎಂದುಬಿಟ್ಟಳು. ಸುತ್ತ ನಿಂತವರಿಗೆ ಅದು ಬರೀ ಬೈಗುಳ. ಆದರೆ ಗಂಡನ ಮುಖ ಬಿಳಿಚಿಕೊಂಡಿತು. ಆ ತಿಂಗಳ ಸಭೆಯಲ್ಲೇ ಎದ್ದು ನಿಂತು, ತನ್ನ ಆಣೆ ಮುರಿದಿದೆ ಎಂದು ಒಪ್ಪಿಕೊಂಡು, ಸಭೆಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಏಪ್ರನ್ ಬಿಚ್ಚಿ ಮೇಜಿನ ಮೇಲಿಟ್ಟು ಹೊರಟುಹೋದ. ಬೇಡ ಎಂದರೂ ಕೇಳಲಿಲ್ಲ. ಆಮೇಲೆ ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟ, ಸುತ್ತು ಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದ.

'ಪಾಪ, ಅಷ್ಟಕ್ಕೆಲ್ಲ ಯಾಕೆ ಬಿಡಬೇಕಿತ್ತು?' ಎಂದಳು ಕಾಜಕ್ಕ, ದಾರ ಪೋಣಿಸುತ್ತ.

'ಅವನು ಮಾಡಿದ್ದೇ ಸರಿ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ' ಎಂದ ಗಂಡ.

ಇವನು ಮಾಡಿಯೇ ಮಾಡುತ್ತಿದ್ದ, ಅನುಮಾನವಿರಲಿಲ್ಲ. ಮುಳ್ಳು ಒಂದು ಕೂದಲೆಳೆ ವಾಲಿದರೂ ನಿದ್ದೆ ಬಾರದ ಆಸಾಮಿ. ಅವನಿಗೆ ಅಂಗಡಿ ಬಿಟ್ಟರೆ ಇದ್ದ ಪ್ರಪಂಚ ಅದೊಂದೇ, ಆ ಬಾಗಿಲ ಒಳಗಿನದು. ಅಂದಿನಿಂದ ಕಾಜಕ್ಕ ಬಾಯಿಗೆ ಬೀಗ ಹಾಕಿಕೊಂಡಳು. ಆಣೆ ಮಾಡಿದವರಿಗೆ ಊಟ, ಕೋಟು, ಬಿಳಿ ಕೈಗವಸು ಇದ್ದವು, ಇವಳಿಗೆ ಅದ್ಯಾವುದೂ ಇರಲಿಲ್ಲ.

ಅವಳ ತಂಗಿ ಇದ್ದಳು, ಊರ ಉಸಾಬರಿ ತಲೆ ಮೇಲೆ ಹೊತ್ತವಳು. ಬಂದಾಗಲೆಲ್ಲ ಒಂದೇ ಪ್ರಶ್ನೆ. 'ಅಕ್ಕ, ಒಳಗೆ ಏನ್ ಮಾಡ್ತಾರಂತೆ? ಆಡಿನ ಮೇಲೆ ಕೂರಿಸ್ತಾರಂತೆ ಹೌದಾ?'

'ಊಟ ಮಾಡ್ತಾರೆ.'

'ಊಟಕ್ಕೆ ಕತ್ತಿ ಯಾಕೆ?'

'ಮಾಂಸ ಗಟ್ಟಿ ಇರ್ಬಹುದು.'

ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತ ಮಗಳನ್ನು ಬೆಳೆಸಿ, ಮದುವೆ ಮಾಡಿಕೊಟ್ಟು, ಕನ್ನಡಕ ಹಾಕಿಕೊಳ್ಳುವ ವಯಸ್ಸಿಗೆ ಬಂದಳು.

ಗಂಡನ ಸರದಿ ಬಹಳ ತಡವಾಗಿ ಬಂತು. ಮುಂದೆ ನುಗ್ಗುವ ಗುಣ ಅವನದಲ್ಲ. ತನಗಿಂತ ಆಮೇಲೆ ಸೇರಿದವರೆಲ್ಲ ಕುರ್ಚಿ ಹತ್ತಿ ಇಳಿದ ಮೇಲೆ, ಇನ್ನು ಇವನನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ಅವರಿಗೇ ಅನ್ನಿಸಿರಬೇಕು. ಬರುವ ವರ್ಷಕ್ಕೆ ತಕ್ಕಡಿಯವನೇ ಮಾಸ್ಟರ್ ಎಂದು ತೀರ್ಮಾನವಾಯಿತು. ಆ ರಾತ್ರಿ ಅವನು ಊಟ ಮಾಡುವಾಗ ಎರಡು ಸಲ ಸುಮ್ಮಸುಮ್ಮನೆ ನಕ್ಕ.

ಅದೇ ಹೊತ್ತಿಗೆ ಮರೆವೂ ಬಂತು. ಮೊದಲು ಅಂಗಡಿಯಲ್ಲಿ. ಬಿಚ್ಚಿದ ತಕ್ಕಡಿಯನ್ನು ಮುಂದಿಟ್ಟುಕೊಂಡು, ಮುಂದಿನ ಭಾಗ ಯಾವುದೆಂದು ತಿಳಿಯದೆ ಕೂತಿದ್ದನಂತೆ. ಆಮೇಲೆ ಬೀಗ, ಛತ್ರಿ, ಅಳಿಯನ ಹೆಸರು. ವೈದ್ಯರು ಪರೀಕ್ಷೆ ಮಾಡಿ, 'ವಯಸ್ಸು' ಎಂದರು. ಕಾಜಕ್ಕನನ್ನು ಹೊರಗೆ ಕರೆದು ಇನ್ನೊಂದು ಮಾತು ಹೇಳಿದರು. ಇದು ಮುಂದಕ್ಕೆ ಹೋಗುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ.

ಒಂದು ಸಂಜೆ ಬಚ್ಚಲಲ್ಲಿ ಕಲ್ಲಿನ ಮಾತು ನಿಂತುಹೋಯಿತು. 'ಸುತ್ತಿಗೆಯೂ ನಿನ್ನದು...' ಎಂದವನು ಮತ್ತೆ ಅದನ್ನೇ ಅಂದ. ಮತ್ತೊಮ್ಮೆ ಅಂದ. ನಲ್ಲಿಯಿಂದ ನೀರು ಸುರಿಯುತ್ತಲೇ ಇತ್ತು. ಮುಂದಿನ ಪದ ಕಾಜಕ್ಕನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಇಷ್ಟು ವರ್ಷ ಕಾದು, ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗಾಗುತ್ತದಲ್ಲ! ಹೇಳಿಕೊಟ್ಟರೆ ಇನ್ನೂ ಕೆಟ್ಟದ್ದು. ನಾಳೆಯೇ ಏಪ್ರನ್ ಬಿಚ್ಚಿಟ್ಟು ಬಂದಾನು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಗೋಡೆಯ ಕಡೆ ಮುಖ ಮಾಡಿ ಕೂಗಿದಳು:

'ಏನ್ರೀ, ಮನೆಯಲ್ಲಿ ಉಳಿ ಎಲ್ಲಾದ್ರೂ ಇದ್ಯಾ?'

ಆಮೇಲೆ ನೀರಿನ ಸದ್ದನ್ನು ಮೀರಿ ದನಿ ಎದ್ದಿತು. 'ಉಳಿಯೂ ನಿನ್ನದು! ಪಕ್ಕದ ಕಲ್ಲಿಗೆ ಚುಚ್ಚದ ಹಾಗೆ...' ಕೊನೆಯ ತನಕ ಒಂದೇ ಓಟ. ಹೊರಗೆ ಬಂದವನ ಮುಖ ತೊಳೆದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. 'ಉಳಿ ಯಾಕೆ ಬೇಕಿತ್ತು?' ಎಂದ.

'ಹಿತ್ತಲ ಬಾಗಿಲು ಅಂಟ್ಕೊಳ್ತಾ ಇದೆ.'

ಮರುದಿನ ಅವನು ಹೊಸ ಉಳಿ ತಂದು, ಅಂಟಿಕೊಳ್ಳದ ಬಾಗಿಲನ್ನು ಕೆತ್ತಿ, ಅದು ಮುಚ್ಚದ ಹಾಗೆ ಮಾಡಿಟ್ಟ.

ಆಮೇಲೆ ಇದೇ ದಂಧೆಯಾಯಿತು. ಅವನು ಅಡಿಪಾಯದಲ್ಲಿ ತಡವರಿಸಿದರೆ ಇವಳು ಪಕ್ಕದ ಮನೆಯವರ ಅಡಿಪಾಯ ಕುಸಿದಿದೆಯಂತೆ ಎಂದು ಕೂಗುತ್ತಿದ್ದಳು. ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡಿನಲ್ಲಿ ನಿಂತರೆ, ಕಿಟಕಿಯ ಪರದೆಗೆ ಕಟ್ಟಲು ತೂಗುಗುಂಡು ಸಿಗುತ್ತದೆಯೇ ಎಂದು ಕೇಳುತ್ತಿದ್ದಳು. ಮನೆಯಲ್ಲಿ ಉಳಿ, ಸುತ್ತಿಗೆ, ಗುಂಡು, ಸುಣ್ಣದ ಚೀಲ ಎಲ್ಲ ಸೇರಿಕೊಂಡು ಕಟ್ಟಡ ಎಬ್ಬಿಸುವಷ್ಟಾಯಿತು. ದೊಡ್ಡ ಮಾತುಗಳು ಬಂದಾಗ ಕಷ್ಟ. ಅವನು ಸಹನೆಗೆ ಬಂದು ಸಿಕ್ಕಿಕೊಂಡಾಗ ಅವಳಿಗೆ ತಕ್ಷಣ ಏನೂ ತೋಚದೆ, ಉಕ್ಕುತ್ತಿದ್ದ ಹಾಲಿಗೆ, 'ನನ್ನ ಸಹನೆಗೂ ಒಂದು ಮಿತಿ ಇದೆ!' ಎಂದು ಗದರಿದಳು. ಮನೆಗೆ ಬಂದಿದ್ದ ಮಗಳು ಹಾಲನ್ನೂ ಅಮ್ಮನನ್ನೂ ನೋಡಿ, ಮರೆವಿನ ರೋಗ ಅಪ್ಪನಿಗೆ ಮಾತ್ರವೋ ಎಂದು ಯೋಚನೆಗೆ ಬಿದ್ದಳು.

ಗಂಡನಿಗೆ ಅನುಮಾನ ಬಂದಿರಲಿಲ್ಲವೇ? ಕಾಜಕ್ಕ ಅದನ್ನು ಹಲವು ಸಲ ಕೇಳಿಕೊಂಡಿದ್ದಾಳೆ. ಬಂದಿರಲಿಕ್ಕಿಲ್ಲ. ಹೆಂಡತಿ ಅಡುಗೆಮನೆಯಿಂದ ಕೂಗುವುದನ್ನು ಗಂಡಸರು ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ, ಅದು ಹೇಗೋ ಒಳಗೆ ಹೋಗಿ ತನ್ನ ಕೆಲಸ ಮಾಡುತ್ತದೆ.

ಆ ಸಂಜೆ ಬಂತು. ಹೊಸ ಮಾಸ್ಟರ್ ಕುರ್ಚಿ ಏರುವ ದಿನ ಹೆಂಗಸರಿಗೂ ಊಟಕ್ಕೆ ಕರೆ ಇರುತ್ತದೆ. ಆದರೆ ಸಭೆ ಮುಗಿಯುವ ತನಕ ಅವರು ಹೊರಗಿನ ಹಜಾರದಲ್ಲೇ ಕಾಯಬೇಕು. ಕಂಡಕ್ಟರು ಕತ್ತಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದ. ಕಾಜಕ್ಕ ಬಾಗಿಲಿಗೆ ಹತ್ತಿರದ ಮೇಜು ಹಿಡಿದಳು. ಎದುರಿಗೆ ಔಷಧಿ ಅಂಗಡಿಯವರ ಹೆಂಡತಿ, ಜಾಸ್ತಿ ಮಾತಿಲ್ಲದ ಹೆಂಗಸು. ಒಳಗೆ ಅವಳ ಗಂಡ ಹಿಂದಿನ ಮಾಸ್ಟರಾಗಿ ಹೊಸ ಮಾಸ್ಟರರ ಎಡಕ್ಕೆ ಕೂತಿರುತ್ತಾರೆ. ಮಾತು ಮರೆತರೆ ಎತ್ತಿಕೊಡುವ ಹಕ್ಕು ಅವರೊಬ್ಬರಿಗೇ. ಒಂದು ಸಲ ಎತ್ತಿಕೊಟ್ಟರೆ ಜನ ನಗುತ್ತಾರೆ, ಎರಡನೇ ಸಲಕ್ಕೆ ಕೆಮ್ಮುತ್ತಾರೆ, ಆಮೇಲೆ ಕನಿಕರ ಪಡುತ್ತಾರೆ. ಕಾಜಕ್ಕನಿಗೆ ಭಯವಿದ್ದದ್ದು ಆ ಕನಿಕರದ್ದು.

ಬಾಗಿಲ ಆಚೆಯಿಂದ ಗಂಡನ ದನಿ ಮಸುಕಾಗಿ ಕೇಳಿಸಿತು. ಪದಗಳು ತಿಳಿಯುತ್ತಿರಲಿಲ್ಲ, ಆದರೆ ಏರಿಳಿತ ಸಾಕಿತ್ತು. ಒರಟು ಕಲ್ಲು ದಾಟಿತು. ಸುತ್ತಿಗೆ, ಉಳಿ ದಾಟಿತು. ಪಕ್ಕದ ಕಲ್ಲಿಗೆ ಬಂದು ನಿಂತಿತು. ಉಸಿರು ತೆಗೆದುಕೊಳ್ಳುತ್ತಿರಬಹುದು ಎಂದು ಕಾದಳು. ಅಷ್ಟು ಉದ್ದದ ಉಸಿರು ಯಾರಿಗೂ ಇರುವುದಿಲ್ಲ. ಮೇಜಿನ ಮೇಲೆ ಹಾಸಿದ್ದ ಬಟ್ಟೆಯ ತುದಿಯನ್ನು ಎತ್ತಿ ಹಿಡಿದು, ಮಾರುಕಟ್ಟೆಯಲ್ಲಿ ಕೂಗುವ ದನಿಯಲ್ಲಿ ಅಂದಳು:

'ಈ ಬಟ್ಟೆಯ ಅಂಚುಗಳನ್ನ ಯಾರ್ರೀ ಹೊಲಿದಿದ್ದು? ಅಂಚುಗಳು! ಅಂಚುಗಳನ್ನ ಹೀಗಾ ಹೊಲಿಯೋದು?'

ಹಜಾರ ಪೂರ್ತಿ ತಿರುಗಿ ನೋಡಿತು. ತಂಗಿಯೂ ಬಂದಿದ್ದಳು, ನಾಚಿಕೆಯಿಂದ ತಲೆ ತಗ್ಗಿಸಿದಳು. ಕಂಡಕ್ಟರು ಕತ್ತಿ ಸರಿಪಡಿಸಿಕೊಂಡು ಚಾವಣಿ ನೋಡತೊಡಗಿದ. ಒಳಗೆ ಗಂಡನ ದನಿ ಮತ್ತೆ ಎದ್ದಿತು, ತಡೆಯಿಲ್ಲದೆ ಹೋಯಿತು. ಇವಳ ಕೂಗು ಆ ದಪ್ಪ ಬಾಗಿಲನ್ನು ದಾಟಿತೋ, ಎಡಗಡೆಯವರು ಎತ್ತಿಕೊಟ್ಟರೋ, ಅವನಿಗೇ ನೆನಪಾಯಿತೋ, ಯಾರನ್ನೂ ಕೇಳುವ ಹಾಗಿರಲಿಲ್ಲ. ಔಷಧಿಯವರ ಹೆಂಡತಿ ಮಾತ್ರ ಲೋಟಕ್ಕೆ ನೀರು ಬಗ್ಗಿಸಿ ಕಾಜಕ್ಕನ ಕಡೆ ಸರಿಸಿ, ತಗ್ಗಿದ ದನಿಯಲ್ಲಿ ಹೇಳಿದಳು: 'ನಮ್ಮನೇಲಿ ಇಸ್ತ್ರಿ ಮಾಡೋ ಮೇಜು ಬಚ್ಚಲ ಪಕ್ಕಾನೇ ಇರೋದು.' ಅಷ್ಟು ಹೇಳಿ ಬೇರೆ ಕಡೆ ತಿರುಗಿದಳು.

ಮನೆಗೆ ನಡೆಯುವಾಗ ಗಂಡ, 'ಒಂದು ಕಡೆ ಸ್ವಲ್ಪ ನಿಂತೆ, ಆಮೇಲೆ ತಾನಾಗೇ ಬಂತು' ಎಂದ.

'ಅಭ್ಯಾಸ ಇತ್ತಲ್ಲ' ಎಂದಳು.

ಒಂದು ವರ್ಷ ಅವನು ಆ ಕುರ್ಚಿಯಲ್ಲಿ ಕೂತ. ಊರಿನವರು ಅವನನ್ನು ಮರ್ಯಾದೆಯಿಂದ ಮಾತಾಡಿಸಿದರು, ಅವನು ಅಂಗಡಿಯಲ್ಲಿ ಸೆಟೆದು ಕೂತ. ಕಾಜಕ್ಕ ಜೀವಮಾನದಲ್ಲಿ ಅಷ್ಟು ಸಂತೋಷವಾಗಿ ಇದ್ದದ್ದು ಆ ವರ್ಷವೇ. ಗಂಡ ಇಳಿದ ಮೇಲೆ ಇಳಿತ ಎಲ್ಲ ಕಡೆಯೂ ಆಯಿತು. ಅಂಗಡಿ ಮುಚ್ಚಿದರು. ಮಗಳ ಮುಖ ಒಂದು ದಿನ ಗೊತ್ತಾದರೆ ಇನ್ನೊಂದು ದಿನ ಇಲ್ಲ. ಬಚ್ಚಲಿಗೆ ಹೋದರೆ ನಲ್ಲಿ ತಿರುಗಿಸಿ ಸುಮ್ಮನೆ ನೀರು ನೋಡುತ್ತ ನಿಲ್ಲುತ್ತಿದ್ದ. ಕಾಜಕ್ಕ ಏನು ಕೂಗಿದರೂ ಗೋಡೆಯ ಆಚೆಯಿಂದ ಉತ್ತರ ಬರುತ್ತಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ, ತಿಂಡಿ ತಟ್ಟೆ ಮುಂದಿಟ್ಟವಳಿಗೆ ಕೈ ಮುಗಿದು, 'ನಿಮ್ಮಿಂದ ಬಹಳ ಉಪಕಾರವಾಯ್ತು, ನೀವು ಯಾರ ಮನೆಯವರು?' ಎಂದು ಕೇಳಿದ.

ಅವಳು ಒಳಗೆ ಹೋಗಿ ಅತ್ತಳು. ಅತ್ತು ಮುಗಿಸಿ ಬಂದು ತಟ್ಟೆ ತೊಳೆದಳು.

ಲಾಡ್ಜಿನವರು ಅವನನ್ನು ಬಿಡಲಿಲ್ಲ, ಆ ಮಾತು ಹೇಳಲೇಬೇಕು. ರಜೆಯ ದಿನ ಔಷಧಿಯವರೂ ಕಂಡಕ್ಟರೂ ಬಂದು ಪಕ್ಕದಲ್ಲಿ ಕೂತು ಹೋಗುತ್ತಿದ್ದರು. ಅವರ ಹೆಸರು ಅವನಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಕೈ ಕುಲುಕಿದ ತಕ್ಷಣ ಮುಖ ಅರಳುತ್ತಿತ್ತು. 'ನಮ್ಮವರು!' ಎಂದು ಕೈ ಬಿಡದೆ ಹಿಡಿದುಕೊಳ್ಳುತ್ತಿದ್ದ. ಕಾಜಕ್ಕನಿಗೆ ಹೊಟ್ಟೆ ಉರಿಯಿತು. ತಿನ್ನಿಸಿ ತೊಳೆಯುವವಳು ಪರಕೀಯಳು, ವಾರಕ್ಕೊಮ್ಮೆ ಬರುವವರು ನಮ್ಮವರು. ಅವರ ಮೇಲೆ ಸಿಟ್ಟಲ್ಲ. ತನ್ನನ್ನೂ ಯಾವುದಾದರೂ ಒಂದು ದಾರಿಯಲ್ಲಿ ಅವನು ಗುರುತಿಸಲಿ ಎಂಬ ಆಸೆ.

ಅವರು ಎದ್ದುಹೋದ ಒಂದು ಮಧ್ಯಾಹ್ನ ಅವಳು ಬಾಗಿಲು ಮುಂದೆ ಮಾಡಿ, ಅವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಆಯುಷ್ಯವಿಡೀ ನುಂಗಿಕೊಂಡಿದ್ದನ್ನು ಮೊದಲ ಸಲ ಬಾಯಿ ಬಿಟ್ಟು ಹೇಳಿದಳು.

'ಒರಟು ಕಲ್ಲಾಗಿ ಬಂದಿದ್ದೀಯೆ.'

ಅವನು ತಲೆ ಎತ್ತಿದ.

'ಇಲ್ಲಿ ನಿನ್ನನ್ನು ಯಾರೂ ಕಡಿದು ಕೊಡುವುದಿಲ್ಲ. ಸುತ್ತಿಗೆಯೂ ನಿನ್ನದು...'

'ಉಳಿಯೂ ನಿನ್ನದು' ಎಂದ ಅವನು.

ಬೆನ್ನು ನೆಟ್ಟಗಾಯಿತು, ಪಾದಗಳು ಜೋಡಿಕೊಂಡವು. ಅವಳು ಹೇಳುತ್ತ ಹೋದಳು. ಅವನು ಕೆಲವು ಕಡೆ ಜೊತೆಗೆ ಹೇಳಿದ, ಕೆಲವು ಕಡೆ ಬರೀ ತುಟಿ ಆಡಿಸಿದ. ಸಹನೆ ಬಂತು, ಸಾವು ಬಂತು, ಕೊನೆಯ ಸಾಲನ್ನು ಇಬ್ಬರೂ ಒಟ್ಟಿಗೆ ಮುಗಿಸಿದರು. ಅವನ ಕಣ್ಣು ತುಂಬಿತ್ತು. ಸಂತೋಷದಿಂದ ಬಲಗೈ ಮುಂದೆ ಚಾಚಿದ.

ಕಾಜಕ್ಕ ಆ ಕೈ ಹಿಡಿದಳು. ಅವನು ಕಾದ. ಬೆರಳಿನಿಂದ ಎಲ್ಲೋ ಒಂದು ಕಡೆ ಒತ್ತಿ, ಮತ್ತೆ ಕಾದ. ಲಾಡ್ಜಿನವರು ಒಬ್ಬರನ್ನೊಬ್ಬರು ಗುರುತಿಸುವ ಬಗೆ ಅದು, ಅದಕ್ಕೆ ಕೊಡಬೇಕಾದ ಉತ್ತರ ಇನ್ನೊಂದು ಕೈಯಲ್ಲಿರಬೇಕು. ಅವಳಿಗೆ ಅದು ಗೊತ್ತಿರಲಿಲ್ಲ. ಕೈಯ ಮಾತು ಗೋಡೆಯ ಈಚೆಗೆ ಕೇಳಿಸುವಂಥದ್ದಲ್ಲ. ಅವಳು ತನಗೆ ಗೊತ್ತಿದ್ದ ಹಾಗೆ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

ಅವನು ನಿಧಾನವಾಗಿ ಕೈ ಬಿಡಿಸಿಕೊಂಡ. ಒರಟಾಗಿ ಅಲ್ಲ.

'ನೀವು ನಮ್ಮವರಲ್ಲ' ಎಂದ.

'ಅಲ್ಲ.'

'ಮತ್ತೆ ಇದನ್ನ ನಿಮಗೆ ಯಾರು ಹೇಳಿಕೊಟ್ಟರು?'

'ನನ್ನ ಗಂಡನೂ ಲಾಡ್ಜಿನವರೇ.'

ಅವನ ಮುಖ ಕಪ್ಪಿಟ್ಟಿತು. 'ಆಣೆ ಮುರಿದಿದ್ದಾನೆ ಹಾಗಾದ್ರೆ. ದೊಡ್ಡ ತಪ್ಪು. ಅವನು ಎದ್ದು ನಿಂತು ಒಪ್ಪಿಕೊಳ್ಳಬೇಕು.' ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ಯಾರೋ ಒಬ್ಬ ಸಹೋದರ ಬಿದ್ದುಹೋದನಲ್ಲ ಎಂಬ ನೋವು.

ಕಾಜಕ್ಕ ತಕ್ಷಣ ಅಂದಳು: 'ಇಲ್ಲ, ಅವರು ಹೇಳಿಕೊಡ್ಲಿಲ್ಲ. ಅವರದೇನೂ ತಪ್ಪಿಲ್ಲ. ನಾನೇ ಕದ್ದು ಕೇಳಿಸ್ಕೊಂಡಿದ್ದು. ಅವರಿಗೆ ಇವತ್ತಿಗೂ ಗೊತ್ತಿಲ್ಲ.'

ಅವನು ಬಹಳ ಹೊತ್ತು ಯೋಚಿಸಿದ. ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುವಾಗ ಹಾಗೇ ಕೂರುತ್ತಿದ್ದ. ಆಮೇಲೆ ಹಣೆಯ ಗಂಟು ಬಿಚ್ಚಿತು.

'ಗೊತ್ತಿಲ್ಲ ಅಂದ್ರೆ ಅವನ ತಪ್ಪಲ್ಲ' ಎಂದ. ಮುಂದಕ್ಕೆ ಬಾಗಿ, ಪರ ಹೆಂಗಸಿನ ಹತ್ತಿರ ಮಾತಾಡುವ ಸಂಕೋಚದಲ್ಲಿ, ಸಣ್ಣಗೆ ಸೇರಿಸಿದ: 'ಆದ್ರೆ ನೀವು ಅವನಿಗೆ ಹೇಳ್ಬೇಡಿ, ಅಮ್ಮ. ತಡ್ಕೊಳ್ಳಲ್ಲ ಅವನು.'

'ಹೇಳಲ್ಲ' ಎಂದಳು ಕಾಜಕ್ಕ.